ಅವರ ಕೈಯಿಂದ ನೀರು



ನಮ್ಮ ಊರಿನ ಭಾಷೆಗಳಲ್ಲಿ ಒಬ್ಬರನ್ನು ಮಾತಾಡಿಸುವುದಕ್ಕೆ ಎರಡೆರಡು ದಾರಿ ಉಂಟು. ತುಳುವಿನಲ್ಲಿ ‘ಈ’ ಅನ್ನಬಹುದು, ‘ಈರ್’ ಅನ್ನಬಹುದು. ಕೊಂಕಣಿಯಲ್ಲಿ ‘ತುಂ’ ಅಥವಾ ‘ತುಮಿಂ’. ಕನ್ನಡದಲ್ಲಿ ನೀನು ಮತ್ತು ನೀವು. ಯಾರಿಗೆ ಯಾವುದನ್ನು ಹೇಳಬೇಕೆಂದು ಶಾಲೆಯಲ್ಲಿ ಯಾರೂ ನಮಗೆ ಪಾಠ ಮಾಡಿದ್ದಿಲ್ಲ. ಆದರೂ ಐದು ವರ್ಷದ ಮಗುವಿಗೆ ಅದು ಗೊತ್ತಿರುತ್ತದೆ. ಬ್ಯಾಂಕಿನಿಂದ ಬಂದ ಮ್ಯಾನೇಜರು ಇಪ್ಪತ್ತೆಂಟು ವರ್ಷದ ಹುಡುಗನಾದರೂ ‘ಬಲೆ, ಕುಳ್ಳುಲೆ’ ಎನ್ನುತ್ತೇವೆ, ಕುರ್ಚಿ ಒರೆಸಿ ಕೊಡುತ್ತೇವೆ. ಬುಟ್ಟಿ ಹೊತ್ತುಕೊಂಡು ಬಂದ ಎಪ್ಪತ್ತು ವರ್ಷದ ಅಜ್ಜಿಗೆ ಮಾತ್ರ ‘ಈ’. ಒಳಗಿನಿಂದ ಅತ್ತೆ ಯಾರು ಬಂದದ್ದೆಂದು ಕೇಳಿದರೆ ‘ಕೊರಪೊಲು ಬತ್ತಲ್’ ಎಂದು ಉತ್ತರ ಹೋಗುತ್ತದೆ. ‘ಬತ್ತೆರ್’ ಅಲ್ಲ. ಅವರಿಗೆ ಒಂದು ಹೆಸರಿದೆ ಎಂಬುದೂ ನಮ್ಮ ಬಾಯಿಗೆ ಬರುವುದಿಲ್ಲ, ಜಾತಿಯೇ ಹೆಸರು.

ಈ ಸಲದ ಪಾಠ ಪರರಿಗೆ ಗೌರವ ಕೊಡುವ ಬಗ್ಗೆ. ಇದನ್ನು ಕೇಳಿದ ಕೂಡಲೇ ‘ಓ, ಇದು ಗೊತ್ತಿರುವ ವಿಷಯ, ಹಿರಿಯರಿಗೆ ನಮಸ್ಕಾರ ಮಾಡಬೇಕು, ಒಳ್ಳೆ ಮಾತಾಡಬೇಕು’ ಎಂದು ನಿಮಗೆ ಅನಿಸಬಹುದು. ಅಷ್ಟೇ ಆಗಿದ್ದರೆ ಪಾಠ ಬೇಡವಿತ್ತು. ನಾನು ಹೇಳಲು ಹೊರಟದ್ದು ಸ್ವಲ್ಪ ಬೇರೆ. ಕೊಡುವುದರಲ್ಲಿ ನಾವು ಹೆಂಗಸರು ಹಿಂದೆ ಬಿದ್ದವರಲ್ಲ. ಅಕ್ಕಿ ಕೊಡುತ್ತೇವೆ, ಹಳೇ ಸೀರೆ ಕೊಡುತ್ತೇವೆ, ಹಬ್ಬದ ದಿನ ಊಟ ಕಟ್ಟಿ ಕೊಡುತ್ತೇವೆ. ಆದರೆ ಅವರ ಕೈಯಿಂದ ನಾವು ಎಂತ ತೆಗೆದುಕೊಳ್ಳುತ್ತೇವೆ? ಅವರ ಮನೆಯ ಒಂದು ಲೋಟ ನೀರು ನಮ್ಮ ಗಂಟಲಲ್ಲಿ ಇಳಿಯುತ್ತದೋ? ಗೌರವದ ನಿಜವಾದ ಪರೀಕ್ಷೆ ಇರುವುದು ಅಲ್ಲಿ.

ಮೊದಲು ‘ಕೃಪೆ’ ಎಂಬ ಶಬ್ದವನ್ನು ನೋಡುವಾ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಕ್ರೈಸ್ತ ಸಹೋದರಿಯರು ದಿನಾಲೂ ಜಪಮಾಲೆಯಲ್ಲಿ ಮರಿಯಮ್ಮನವರನ್ನು ವರಪ್ರಸಾದ ಪೂರ್ಣೆ ಎಂದು ಕರೆಯುತ್ತಾರೆ. ಆ ‘ವರಪ್ರಸಾದ’ದ ಒಳಗೆ ಎಲ್ಲರಿಗೂ ತಿಳಿದ ‘ಪ್ರಸಾದ’ ಕೂತಿದೆ. ಪ್ರಸಾದಕ್ಕೆ ಯಾರೂ ಕ್ರಯ ಕಟ್ಟುವುದಿಲ್ಲ. ಕೈ ಚಾಚಿದವರಿಗೆ ಸಿಗುತ್ತದೆ. ನಾನು ಹೆಚ್ಚು ಒಳ್ಳೆಯವಳು, ಎರಡು ಪಾಲು ಕೊಡಿ ಎಂದು ಕೇಳುವ ಹಾಗಿಲ್ಲ. ದೇವರ ಕೃಪೆಯೂ ಹಾಗೆಯೇ ಎಂದು ನಮ್ಮ ವಿಶ್ವಾಸ. ಯೋಗ್ಯತೆ ನೋಡಿ ಕೊಟ್ಟದ್ದಲ್ಲ, ಸುಮ್ಮನೆ ಕೊಟ್ಟದ್ದು.

ಸಂತ ಪೇತ್ರನ ಮೊದಲನೆಯ ಪತ್ರದಲ್ಲಿ ಗಂಡಂದಿರಿಗೆ ಹೇಳಿದ ಒಂದು ಬುದ್ಧಿಮಾತು ಉಂಟು. ಹೆಂಡತಿಗೆ ಗೌರವ ಕೊಡು ಎನ್ನುತ್ತಾನೆ. ಅದಕ್ಕೆ ಕೊಡುವ ಕಾರಣ ನನಗೆ ಬಹಳ ಇಷ್ಟ: ಅವಳೂ ನಿನ್ನ ಜೊತೆ ದೇವರ ಕೃಪೆಗೆ ವಾರಸುದಾರಳು ಎಂದು. ವಾರಸುದಾರರು ಎಂದರೆ ನಮ್ಮ ಕಡೆ ವಿವರಿಸಿ ಹೇಳಬೇಕಾಗಿಲ್ಲ. ಜಂಟಿ ಪಹಣಿಯಲ್ಲಿ ಇಬ್ಬರ ಹೆಸರಿದ್ದರೆ ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಇಡೀ ಜಾಗವನ್ನು ಮಾರಲಿಕ್ಕಾಗುವುದಿಲ್ಲ. ಸಂಘದ ಉಳಿತಾಯ ಖಾತೆಯೂ ಹಾಗೆ. ಟೀಚರಮ್ಮ ಕಟ್ಟಿದ ಹತ್ತು ರೂಪಾಯಿ, ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕ ಕಟ್ಟಿದ ಹತ್ತು ರೂಪಾಯಿ, ಎರಡೂ ಒಂದೇ. ಗೌರವವೆಂದರೆ ನಾವು ಯಾರಿಗೋ ಮನಸ್ಸು ಮಾಡಿ ಕೊಡುವ ದಾನವಲ್ಲ. ಜಂಟಿ ಖಾತೆಯಲ್ಲಿ ಅವರ ಹೆಸರೂ ಉಂಟೆಂದು ಒಪ್ಪಿಕೊಳ್ಳುವುದು, ಅಷ್ಟೆ.

ಇನ್ನು ಯೇಸುಸ್ವಾಮಿ ಇದನ್ನು ಹೇಗೆ ಮಾಡಿ ತೋರಿಸಿದರು ಎಂಬುದಕ್ಕೆ ಬರುವಾ. ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಸಮಾರಿಯದ ಸ್ತ್ರೀಯ ಪ್ರಸಂಗ ಬರುತ್ತದೆ. ಮಧ್ಯಾಹ್ನದ ಉರಿ ಬಿಸಿಲು. ನಡೆದು ನಡೆದು ಸುಸ್ತಾದ ಯೇಸು ಬಾವಿಕಟ್ಟೆಯಲ್ಲಿ ಕೂತಿದ್ದಾರೆ. ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಯೆಹೂದ್ಯರು ಸಮಾರಿಯದವರ ಜೊತೆ ಬಳಕೆ ಇಟ್ಟುಕೊಳ್ಳುವವರಲ್ಲ, ಅವರ ಪಾತ್ರೆ ಮುಟ್ಟುವವರಲ್ಲ. ಯೇಸು ಅವಳಿಗೆ ಮೊದಲು ಹೇಳಿದ ಮಾತು ಉಪದೇಶದ ಮಾತಲ್ಲ. ಕುಡಿಯಲು ನೀರು ಕೊಡು ಎಂದು ಕೇಳಿದರು. ಅವರ ಹತ್ತಿರ ಕೊಡಪಾನವೂ ಇಲ್ಲ, ಹಗ್ಗವೂ ಇಲ್ಲ, ಬಾವಿಯೋ ಆಳದ್ದು. ಅಂದರೆ ಕುಡಿಯುವುದಾದರೆ ಅವಳ ಕೊಡದಿಂದಲೇ ಕುಡಿಯಬೇಕು. ಅವಳಿಗೇ ಆಶ್ಚರ್ಯವಾಯಿತು, ನೀವು ನನ್ನ ಹತ್ತಿರ ನೀರು ಕೇಳುವುದೋ ಎಂದು. ಈ ಪ್ರಸಂಗದ ಕೊನೆಯನ್ನು ಪ್ರವಚನಗಳಲ್ಲಿ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಆ ಊರಿನವರು ಯೇಸುವನ್ನು ತಮ್ಮಲ್ಲಿ ಉಳಿಯಿರಿ ಎಂದು ಬೇಡಿಕೊಂಡರು. ಅವರು ಎರಡು ದಿನ ಅಲ್ಲೇ ಉಳಿದರು. ಎರಡು ದಿನ ಎಂದರೆ ಊಟ ಎಲ್ಲಿ ಮಾಡಿದರು, ಯಾರ ಚಾಪೆಯಲ್ಲಿ ಮಲಗಿದರು ಎಂದು ಯೋಚನೆ ಮಾಡಿ. ಅಡುಗೆ ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಆ ಬಾವಿಕಟ್ಟೆಯಿಂದ ನಮ್ಮ ಜಿಲ್ಲೆಗೆ ಬರುವಾ. ನಮ್ಮಲ್ಲಿ ಯಾರ ಪಾತ್ರೆಯನ್ನು ಮುಟ್ಟಬಾರದೆಂದು ಹಿಂದಿನವರು ಇಟ್ಟಿದ್ದರು? ಒಂದೇ ಸಮುದಾಯ ಅಂತಲ್ಲ, ಹಲವರನ್ನು. ಆದರೆ ಎಲ್ಲರಿಗಿಂತ ಕೆಳಗೆ ನೂಕಲ್ಪಟ್ಟವರು ಕೊರಗರು. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಇವರ ನೆಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಇವರ ಸಂಖ್ಯೆ 15 ಸಾವಿರವನ್ನು ಮುಟ್ಟುವುದಿಲ್ಲ. ಸರ್ಕಾರ ಇವರನ್ನು ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ. ರಾಜ್ಯದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು ಮಾತ್ರ. ಇವರಿಗೆ ತಮ್ಮದೇ ಭಾಷೆ ಉಂಟು. ನಮ್ಮಲ್ಲಿ ಹೆಚ್ಚಿನವರಿಗೆ ಇದು ತಿಳಿಯದು. ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು 1971ರಲ್ಲಿಯೇ ಆ ಭಾಷೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ್ದಾರೆ. ಪಕ್ಕದ ಮನೆಯ ಭಾಷೆ ನಮ್ಮ ಕಿವಿಗೆ ಬೀಳಲಿಲ್ಲ. ಯಾಕೆಂದರೆ ನಮ್ಮ ಅಂಗಳಕ್ಕೆ ಬಂದಾಗ ಅವರು ಹೆಚ್ಚು ಮಾತಾಡುವ ಹಾಗಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ, 1909ರಲ್ಲಿ, ಎಡ್ಗರ್ ಥರ್ಸ್ಟನ್ ಎಂಬವರು ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಪ್ರಕಟಿಸಿದರು. ಅದರಲ್ಲಿ ಅಂಡೆ ಕೊರಗರು, ಸಪ್ಪು ಕೊರಗರು ಎಂಬ ಹೆಸರುಗಳು ಬರುತ್ತವೆ. ಅಂಡೆ ಎಂದರೆ ಕುತ್ತಿಗೆಗೆ ಕಟ್ಟಿಕೊಂಡ ಪಾತ್ರೆ. ದಾರಿಯಲ್ಲಿ ಉಗುಳಿದರೆ ದಾರಿ ಮೈಲಿಗೆ ಆಗುತ್ತದೆಂದು ಅದರೊಳಗೆ ಉಗುಳಬೇಕಿತ್ತು. ಸಪ್ಪು ಎಂದರೆ ಸೊಪ್ಪು. ಬಟ್ಟೆಯ ಬದಲು ಸೊಪ್ಪನ್ನು ಉಡುತ್ತಿದ್ದರು. ಇದನ್ನು ಓದುವಾಗ ನಮಗೆ ಯಾವುದೋ ದೂರದ ದೇಶದ ಕತೆ ಅನಿಸುತ್ತದೆ. ದೂರದ್ದಲ್ಲ, ನಾವು ಬಸ್ಸು ಹತ್ತುವ ಇದೇ ರಸ್ತೆಗಳದ್ದು.

ಇನ್ನೊಂದು ‘ಅಜಲು’. ಈ ಶಬ್ದ ನಮ್ಮ ಹಿರಿಯ ಸದಸ್ಯೆಯರಿಗೆ ಚೆನ್ನಾಗಿ ಗೊತ್ತು, ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಬೇರೆಯವರ ಕಾಯಿಲೆ, ದೋಷ, ಕೆಟ್ಟದ್ದು ಎಲ್ಲ ಕೊರಗರ ಮೇಲೆ ಹೋಗಲಿ ಎಂಬ ನಂಬಿಕೆಯಿಂದ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಕೊಟ್ಟು ತಿನ್ನಿಸುವ ಪದ್ಧತಿ. ಸೀಮಂತದ ಹೊತ್ತಿನಲ್ಲಿಯೂ ಇದು ನಡೆಯುತ್ತಿತ್ತು. ನಮ್ಮ ಹೊಟ್ಟೆಯ ಮಗು ಸುಖವಾಗಿ ಹುಟ್ಟಲಿ, ತೊಂದರೆ ಇದ್ದರೆ ಅವಳ ಹೊಟ್ಟೆಗೆ ಹೋಗಲಿ. ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಇದನ್ನು ಬಯಸುವುದು ಹೇಗೆ ಸಾಧ್ಯವಾಯಿತು? ‘ಅವರು ನಮ್ಮ ಹಾಗಲ್ಲ’ ಎಂಬ ಒಂದೇ ಮಾತಿನಿಂದ ಸಾಧ್ಯವಾಯಿತು.

2000ನೇ ಇಸವಿಯಲ್ಲಿ ಕರ್ನಾಟಕ ಸರ್ಕಾರ ಅಜಲು ಪದ್ಧತಿ ನಿಷೇಧ ಕಾಯಿದೆಯನ್ನು ತಂದಿತು. ಈ ಕಾಯಿದೆ ಅಜಲು ಎಂದರೆ ಏನೆಂದು ಬಿಡಿಸಿ ಹೇಳುವ ರೀತಿಯನ್ನು ನೀವು ಗಮನಿಸಬೇಕು. ಕೂದಲು ಉಗುರು ಬೆರೆಸಿದ ಅನ್ನ ಅದರಲ್ಲಿ ಉಂಟು. ಕಂಬಳ ಸುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದೂ ಉಂಟು. ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲಸ ಮಾಡಿಸಿಕೊಂಡು ಸಂಬಳ ಕೊಡದೆ ಇರುವುದು ಅಥವಾ ಬೇರೆಯವರಿಗಿಂತ ಕಡಿಮೆ ಕೊಡುವುದು ಕೂಡ ಅಜಲು. ಇತರರಿಗಿಂತ ಕೀಳು ಮನುಷ್ಯರೆಂದು ನಡೆಸಿಕೊಳ್ಳುವುದು ಕೂಡ ಅಜಲು. ಕೂದಲು ಉಗುರಿನ ಅನ್ನ ನಮ್ಮ ಮನೆಯಲ್ಲಿ ಯಾವತ್ತೂ ನಡೆದಿಲ್ಲ ಎಂದು ನಾವು ಸಮಾಧಾನ ಮಾಡಿಕೊಳ್ಳಬಹುದು. ಆದರೆ ತೋಟದ ಕೆಲಸಕ್ಕೆ ಬಂದ ಇಬ್ಬರು ಹೆಂಗಸರಲ್ಲಿ ಒಬ್ಬರ ಕೈಗೆ ಐವತ್ತು ರೂಪಾಯಿ ಕಡಿಮೆ ಹಾಕಿದ್ದು? ಅವರಿಗೆ ಹಿಂದಿನ ಬಾಗಿಲಿನಲ್ಲಿ ಗೆರಟೆಯಲ್ಲಿ ಚಹಾ ಹೊಯ್ದದ್ದು? ಕಾನೂನು ಬರೆದವರು ನಮ್ಮ ಹಿತ್ತಿಲನ್ನು ಚೆನ್ನಾಗಿ ನೋಡಿದ್ದರು ಎಂದು ನನಗೆ ಅನಿಸುತ್ತದೆ.

ಇದೆಲ್ಲ ಯಾರೋ ದೊಡ್ಡವರು ದಯೆ ತೋರಿಸಿದ್ದರಿಂದ ಬಂದದ್ದು ಎಂದು ತಿಳಿಯಬೇಡಿ. 1993ರ ಆಗಸ್ಟ್ 18ರಂದು ಕೊರಗ ಸಮುದಾಯದವರು ಸಾವಿರಾರು ಸಂಖ್ಯೆಯಲ್ಲಿ ಮಂಗಳೂರಿನಲ್ಲಿ ಮೆರವಣಿಗೆ ಮಾಡಿ ಭೂಮಿ ಕೇಳಿದರು. ಆ ದಿನವನ್ನು ಇಂದಿಗೂ ಭೂಮಿ ಹಬ್ಬ ಎಂದು ಆಚರಿಸುತ್ತಾರೆ. ಅದರ ನಂತರ ಬಂದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಎಲ್ಲರಿಗೂ ಅದು ಸಿಕ್ಕಿಲ್ಲ, ಇಂದಿಗೂ ಕೇಳುತ್ತಾ ಇದ್ದಾರೆ. ಈ ಸಮುದಾಯದ ಹೆಣ್ಣುಮಕ್ಕಳು ಇಂದು ಸ್ನಾತಕೋತ್ತರ ಪದವಿ ಮಾಡಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುವವರೂ ಇದ್ದಾರೆ. ‘ಪಾಪ, ಅವರು’ ಎಂದು ಮಾತು ಸುರು ಮಾಡುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು. ಪಾಪ ಎನ್ನುವುದೂ ಒಂದು ರೀತಿಯಲ್ಲಿ ‘ಈ’ ಎಂದ ಹಾಗೆಯೇ.

ಕಾನೂನು ಬಂದ ಮೇಲೂ ಎಲ್ಲ ಸರಿ ಹೋಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಕೋಟತಟ್ಟುವಿನಲ್ಲಿ ಒಂದು ಕೊರಗ ಮನೆಯಲ್ಲಿ ಮದುವೆಯ ಮೆಹಂದಿ ನಡೆಯುತ್ತಿತ್ತು. ಹಾಡಿನ ಶಬ್ದ ಜೋರಾಯಿತೆಂದು ಬಂದ ಪೊಲೀಸರು ಮದುಮಗ ಸಹಿತ ಅಲ್ಲಿದ್ದವರ ಮೇಲೆ ಲಾಠಿ ಬೀಸಿದರೆಂದು ದೊಡ್ಡ ಸುದ್ದಿಯಾಯಿತು, ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ನಮ್ಮ ಊರಿನಲ್ಲಿ ಮೆಹಂದಿಯ ರಾತ್ರಿ ಡಿಜೆ ಹಾಕದ ಮನೆ ಯಾವುದು ಹೇಳಿ! ಇದೇ ಜನರ ಡೋಲು ಕಂಬಳಕ್ಕೆ, ಕೋಲಕ್ಕೆ ಬೇಕೆಂದು ತಲೆಮಾರುಗಳಿಂದ ಬಾರಿಸಿಕೊಂಡೆವು. ನಮ್ಮ ಸಂತೋಷಕ್ಕೆ ಅವರ ಶಬ್ದ ಬೇಕು, ಅವರ ಸಂತೋಷದ ಶಬ್ದ ನಮಗೆ ಗಲಾಟೆ.

ಇನ್ನೂ ಒಂದು ಮಾತು. ವಸ್ತು ಕಳೆದುಹೋದರೆ, ಮನಸ್ಸಿಗೆ ಕಷ್ಟ ಬಂದರೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಯವರು ಕೊರಗಜ್ಜನಿಗೆ ಹೇಳಿಕೊಳ್ಳುತ್ತಾರೆ, ಚಕ್ಕುಲಿ, ವೀಳ್ಯ ಇಟ್ಟು ಹರಕೆ ತೀರಿಸುತ್ತಾರೆ. ಅಜ್ಜ ಎಂದು ಎಷ್ಟು ಪ್ರೀತಿಯಿಂದ ಕರೆಯುತ್ತಾರೆ! ಆ ಅಜ್ಜನ ಮೊಮ್ಮಗಳು ಬುಟ್ಟಿ ಹಿಡಿದು ಬಂದರೆ ಅವಳು ಅಂಗಳದ ಆಚೆ. ನಮ್ಮ ಹಿಂದೂ ಸಹೋದರಿಯರಿಗೆ ಮಾತ್ರ ಹೇಳಿದ್ದಲ್ಲ. ನಮ್ಮ ಕ್ರೈಸ್ತರ ವಿಷಯವೂ ಉಂಟು. ಪ್ರತಿ ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಎಲ್ಲ ಧರ್ಮದವರೂ ಸೇರುತ್ತಾರೆ. ಆ ಇಗರ್ಜಿಗೆ 2016ರಲ್ಲಿ ಬಸಿಲಿಕದ ಪದವಿ ಸಿಕ್ಕಿತು. ನಾವು ಮೇಣದ ಬತ್ತಿ ಹಚ್ಚುವ ಆ ಸಂತ ಲಾರೆನ್ಸ್ ಯಾರು? ರೋಮ್ ನಗರದ ಒಬ್ಬ ಉಪಯಾಜಕ, 258ರಲ್ಲಿ ಕೊಲ್ಲಲ್ಪಟ್ಟವರು. ಚರ್ಚಿನ ಸಂಪತ್ತನ್ನೆಲ್ಲ ತಂದು ಒಪ್ಪಿಸು ಎಂದು ಅಧಿಕಾರಿ ಹೇಳಿದಾಗ ಅವರು ಊರಿನ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆದುಕೊಂಡು ಹೋಗಿ ಇವರೇ ಚರ್ಚಿನ ಸಂಪತ್ತು ಎಂದು ನಿಲ್ಲಿಸಿದರು ಎಂದು ಪರಂಪರೆ ಹೇಳುತ್ತದೆ. ಅವರ ಜಾತ್ರೆಗೆ ಹೋಗಿ ಬಂದ ನಾವು ಮಗಳ ಮದುವೆಯ ಮಾತುಕತೆಯಲ್ಲಿ, ‘ಅವರು ಮೊದಲು ಯಾವ ಪಂಗಡದವರು?’ ಎಂದು ಮೆಲ್ಲಗೆ ವಿಚಾರಿಸುತ್ತೇವೆ. ಸ್ನಾನದೀಕ್ಷೆಯ ನೀರು ಬಿದ್ದು ನೂರಾರು ವರ್ಷವಾದರೂ ಆ ಪ್ರಶ್ನೆ ಒದ್ದೆಯಾಗಲಿಲ್ಲ.

ಈಗ ಸಂಘದ ಒಳಗೆ ಬರುವಾ. ಕಾರ್ಕಳ ತಾಲೂಕಿನ ಒಂದು ಸಂಘದ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಹನ್ನೆರಡು ಮಂದಿ ಸದಸ್ಯೆಯರು. ವಾರಕ್ಕೊಂದು ಸಭೆ, ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ. ಅದರಲ್ಲಿ ಒಬ್ಬರು ಕೊರಗ ಮಹಿಳೆ. ಉಳಿತಾಯ ಒಂದು ವಾರವೂ ತಪ್ಪಿಸಿದವರಲ್ಲ. ಆದರೆ ಅವರ ಮನೆಯ ಸರದಿ ಮಾತ್ರ ಬರುತ್ತಿರಲಿಲ್ಲ. ‘ನಿನಗೆ ಯಾಕೆ ಸುಮ್ಮನೆ ತೊಂದರೆ, ನಿನ್ನ ಸರದಿ ನಾನು ಮಾಡ್ತೇನೆ’ ಎಂದು ಯಾರಾದರೂ ಹೇಳುವುದು, ಅವರು ತಲೆಯಾಡಿಸುವುದು. ಮಾತು ಎಷ್ಟು ನಯವಾಗಿದೆ ನೋಡಿ. ಕೇಳಿದವರು ಉಪಕಾರ ಎಂದುಕೊಳ್ಳಬೇಕು. ಹೀಗೆ ನಾಲ್ಕು ವರ್ಷ ಹೋಯಿತು. ಅವರು ಸಭೆಯಲ್ಲಿ ಬಾಗಿಲ ಹತ್ತಿರ ಕೂರುತ್ತಿದ್ದರು, ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು, ಹೋಗುತ್ತಿದ್ದರು. ಸಾಲ ಕೇಳಿದ್ದು ಒಂದೇ ಸಲ.

ಒಂದು ವಾರ ಸಂಘದ ಹಿರಿಯ ಸದಸ್ಯೆಯೊಬ್ಬರು, ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಿದವರು, ‘ಬರುವ ವಾರ ಇವರ ಮನೆಯಲ್ಲಿ’ ಎಂದು ಹೇಳಿ ನಿರ್ಣಯ ಪುಸ್ತಕದಲ್ಲಿ ಬರೆಸಿಯೇ ಬಿಟ್ಟರು. ಯಾರೂ ಎದುರು ಮಾತಾಡಲಿಲ್ಲ. ಆ ದಿನ ಆ ಮನೆಯವರು ಅಂಗಳ ಗುಡಿಸಿ, ಹೊಸ ಚಾಪೆ ಹಾಕಿ, ಅಂಗನವಾಡಿಯಿಂದ ಸ್ಟೀಲಿನ ಲೋಟ ತಂದು ಬೆಲ್ಲದ ಕಣ್ಣ ಚಹಾ ಮಾಡಿದ್ದರು. ಹನ್ನೊಂದು ಮಂದಿಯಲ್ಲಿ ಕುಡಿದವರು ಐದು ಮಂದಿ. ಒಬ್ಬರಿಗೆ ಅಂದೇ ಉಪವಾಸ, ಒಬ್ಬರಿಗೆ ಸಕ್ಕರೆ ಕಾಯಿಲೆ, ಇಬ್ಬರು ಈಗಷ್ಟೇ ಕುಡಿದು ಬಂದವರು, ಇನ್ನಿಬ್ಬರು ಲೋಟವನ್ನು ಕೈಯಲ್ಲಿ ಹಿಡಿದು ತಣ್ಣಗಾಗುವವರೆಗೆ ಕೂತರು. ಮನೆಯವರಿಗೆ ಎಲ್ಲ ಅರ್ಥವಾಯಿತು. ಅರ್ಥವಾಗದ ಹಾಗೆ ಇದ್ದರು, ಅವರಿಗೆ ಅದು ಅಭ್ಯಾಸ. ಆದರೆ ಆ ಬೀಡಿ ಅಕ್ಕ ತನ್ನ ಲೋಟ ಮುಗಿಸಿ, ‘ಇನ್ನೊಂದು ಸ್ವಲ್ಪ ಉಂಟೋ?’ ಎಂದು ಕೇಳಿದರು. ಬೇಕಾಗಿ ಕೇಳಿದ್ದೋ, ಬೇಕೆಂದೇ ಕೇಳಿದ್ದೋ ನನಗೆ ಗೊತ್ತಿಲ್ಲ. ಸಮಾರಿಯದ ಬಾವಿಯ ಪ್ರಸಂಗ ಓದುವಾಗಲೆಲ್ಲ ನನಗೆ ಆ ಎರಡನೇ ಲೋಟ ನೆನಪಾಗುತ್ತದೆ.

ಆ ಸಂಘ ಒಂದೇ ದಿನದಲ್ಲಿ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬರು ಸಂಘವನ್ನೇ ಬಿಟ್ಟರು, ಬೇರೆ ಕಾರಣ ಹೇಳಿ. ಆದರೆ ಸರದಿಯ ಪಟ್ಟಿಯಲ್ಲಿ ಆ ಮನೆಯ ಹೆಸರು ಉಳಿಯಿತು. ಎರಡನೇ ಸಲ ಕುಡಿದವರ ಸಂಖ್ಯೆ ಹೆಚ್ಚಾಯಿತು. ಅದರ ನಂತರ ಒಂದು ಸಭೆಯಲ್ಲಿ ಸಾಲದ ಹಂಚಿಕೆ ಸರಿಯಾಗಿಲ್ಲ ಎಂದು ಮೊದಲ ಬಾರಿ ಆ ಕೊರಗ ಸಹೋದರಿ ಬಾಯಿಬಿಟ್ಟು ಹೇಳಿದರು. ಅಧ್ಯಕ್ಷೆಗೆ ಕೋಪ ಬಂತು. ಬರಲಿ ಬಿಡಿ. ಗೌರವ ಸಿಕ್ಕಿದವರು ಎದುರು ಮಾತಾಡುತ್ತಾರೆ, ಅದಕ್ಕೆ ನಾವು ತಯಾರಿರಬೇಕು. ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರು ನಮ್ಮೊಂದಿಗೆ ಸಮಾನರಾಗಿ ಕೂತಿಲ್ಲ ಎಂದೇ ಅರ್ಥ.

ಬುಟ್ಟಿಯ ವಿಷಯವನ್ನೂ ಹೇಳಬೇಕು. ಕಾಡಿನ ಬಳ್ಳಿ ಹುಡುಕಿ, ತಂದು, ಸೀಳಿ, ಅನ್ನ ಬಸಿಯುವ ಕುಡುಪು, ತರಕಾರಿ ಬುಟ್ಟಿ, ತೊಟ್ಟಿಲು ಹೆಣೆಯುವುದು ಕೊರಗರ ಕೈಯ ವಿದ್ಯೆ. ಈಗ ಬಳ್ಳಿಗೆ ದೂರ ಹೋಗಬೇಕು, ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಪ್ಲಾಸ್ಟಿಕ್ ಬುಟ್ಟಿಗೆ ಅಂಗಡಿಯಲ್ಲಿ ಬರೆದಿರುವ ಬೆಲೆಯನ್ನು ಮಾತಿಲ್ಲದೆ ಕೊಡುತ್ತೇವೆ. ಉಡುಪಿಯ ಜವಳಿ ಅಂಗಡಿಯಲ್ಲಿ ಸೀರೆಗೆ ಚರ್ಚೆ ಇಲ್ಲ. ಅಂಗಳಕ್ಕೆ ಬಂದ ಬುಟ್ಟಿಗೆ ಮಾತ್ರ ಅರ್ಧ ಕ್ರಯ, ಮೇಲಿಂದ ಒಂದು ಸೇರು ಅಕ್ಕಿ ಕೊಟ್ಟು ಪುಣ್ಯ ಬಂತೆಂದು ತಿಳಿಯುವುದು. ನನ್ನ ಅಭಿಪ್ರಾಯ ಕೇಳಿದರೆ, ಅಕ್ಕಿ ಬೇಡ, ಪೂರ್ತಿ ಬೆಲೆ ಕೊಡಿ. ಜಗಲಿಯಲ್ಲಿ ಕೂರಿಸಿ ಹೆಸರು ಕೇಳಿ. ಹೆಣಿಗೆ ಚೆಂದ ಉಂಟು ಎಂದು ಅನಿಸಿದರೆ ಬಾಯಿಬಿಟ್ಟು ಹೇಳಿ. ಕೆಲಸ ತಿಳಿದವರಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಹೊಲಿಗೆ ಮಾಡುವ ನಮ್ಮ ಸದಸ್ಯೆಯರನ್ನು ಕೇಳಿದರೆ ಗೊತ್ತಾಗುತ್ತದೆ.

ಜಾತಿಯೊಂದೇ ಅಲ್ಲ. ಕೃಪೆ ಯೋಗ್ಯತೆ ನೋಡದೆ ಬರುವುದಾದರೆ, ತಪ್ಪಿದವರಿಗೂ ಅದರಲ್ಲಿ ಪಾಲು ಉಂಟು. ಸಂಘದಲ್ಲಿ ಮೂರು ಕಂತು ತಪ್ಪಿಸಿದ ಸದಸ್ಯೆಯ ಮನೆಗೆ ಗುಂಪಾಗಿ ಹೋಗಿ, ನೆರೆಕರೆಯವರಿಗೆ ಕೇಳುವ ಹಾಗೆ ಅಂಗಳದಲ್ಲಿ ನಿಂತು ಮಾತಾಡುವುದನ್ನು ನೋಡಿದ್ದೇನೆ. ಬಾಕಿ ವಸೂಲು ಮಾಡಲೇಬೇಕು, ಅದು ಎಲ್ಲರ ಬೆವರಿನ ಹಣ. ಇದರಲ್ಲಿ ನಾನು ಮೃದು ಅಲ್ಲ. ಆದರೆ ಸಾಲ ಕೊಟ್ಟದ್ದು ಹಣವನ್ನು, ವಾಪಸು ಕೇಳಬೇಕಾದದ್ದೂ ಹಣವನ್ನೇ, ಅವರ ಮಾನವನ್ನಲ್ಲ. ಇಬ್ಬರು ಹೋಗಿ, ಒಳಗೆ ಕೂತು, ಎಂತ ಆಯಿತು ಎಂದು ಕೇಳಿದರೆ ಅರ್ಧ ಬಾಕಿಯ ಕಾರಣ ಅಲ್ಲೇ ತಿಳಿಯುತ್ತದೆ: ಗಂಡನ ಕುಡಿತ, ಮಗುವಿನ ಆಸ್ಪತ್ರೆ, ಇನ್ನೊಂದು ಫೈನಾನ್ಸಿನ ಕಂತು. 2025ರಲ್ಲಿ ಸರ್ಕಾರ ಸಣ್ಣ ಸಾಲದ ವಸೂಲಿಯಲ್ಲಿ ಬಲವಂತ, ಕಿರುಕುಳ ತಡೆಯಲು ಕಾನೂನನ್ನೇ ತರಬೇಕಾಯಿತು. ಕಂತಿನ ಅವಮಾನ ತಾಳಲಾರದೆ ಊರು ಬಿಟ್ಟವರು, ಜೀವ ಬಿಟ್ಟವರು ಇದ್ದಾರೆ ಎಂಬುದು ನೆನಪಿರಲಿ.

ಗೌರವ ಕೊಡಲು ಹೊರಟವರಿಗೂ ಖರ್ಚು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಜಾತಿಯವರಿಂದಲೇ ವಿರೋಧ ಅನುಭವಿಸಿದರು. ಯೇಸು ಜಕ್ಕಾಯನ ಮನೆಗೆ ಹೋದಾಗ ಜನ ಗೊಣಗಿದರು. ನಿಮ್ಮ ಮನೆಯಲ್ಲಿಯೂ ಗೊಣಗುವವರು ಇರುತ್ತಾರೆ. ಹೆಚ್ಚಾಗಿ ಅತ್ತೆ, ಕೆಲವೊಮ್ಮೆ ಓದಿದ ಮಗ. ಅವರ ಜೊತೆ ಜಗಳಕ್ಕೆ ಹೋಗುವುದು ಬೇಡ, ಅವರಿಗೂ ಗೌರವ ಸಲ್ಲಬೇಕು. ಬಂದವರಿಗೆ ನೀವೇ ಎದ್ದು ಚಾಪೆ ಹಾಕಿ, ಮನೆಯವರು ಕುಡಿಯುವ ಲೋಟದಲ್ಲಿಯೇ ನೀರು ಕೊಡಿ. ಮನೆಯಲ್ಲಿ ಮಕ್ಕಳು ನೋಡುತ್ತಾ ಇರುತ್ತಾರೆ. ‘ಈ’ ಮತ್ತು ‘ಈರ್’ ಕಲಿತ ಹಾಗೆಯೇ ಇದನ್ನೂ ಕಲಿಯುತ್ತಾರೆ.

ಮುಂದಿನ ಸಭೆಯಲ್ಲಿ ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ. ಸಮಾರಿಯದ ಸ್ತ್ರೀಯ ಭಾಗವನ್ನು ಕ್ರೈಸ್ತ ಸದಸ್ಯೆಯರು ಬೈಬಲಿನಿಂದಲೇ ಓದಿ ಹೇಳಿದರೆ ಒಳ್ಳೆಯದು, ಹಾಗೆ ಇತರ ಸಹೋದರಿಯರು ತಮ್ಮ ಧರ್ಮದಲ್ಲಿ ಇಂಥ ಪ್ರಸಂಗ ಇದ್ದರೆ ಹೇಳಲಿ. ಆಮೇಲೆ ನಿರ್ಣಯ ಪುಸ್ತಕವನ್ನು ತೆಗೆದು ಹಿಂದಿನ ಒಂದು ವರ್ಷದ ಸಭೆಗಳು ಯಾರ್ಯಾರ ಮನೆಯಲ್ಲಿ ಆದವು ಎಂದು ಲೆಕ್ಕ ಹಾಕಿ. ಯಾವ ಮನೆ ಬಿಟ್ಟು ಹೋಗಿದೆ? ಅದು ಯಾಕೆ ಬಿಟ್ಟು ಹೋಯಿತು ಎಂದು ಆ ಸದಸ್ಯೆಯ ಎದುರಿನಲ್ಲಿ ಚರ್ಚೆ ಮಾಡಿ ಅವರನ್ನು ಮುಜುಗರಕ್ಕೆ ಹಾಕುವುದು ಬೇಡ. ಮೊದಲು ಒಬ್ಬರು ಅವರ ಹತ್ತಿರ ಪ್ರತ್ಯೇಕವಾಗಿ ಹೋಗಿ, ‘ನಿಮ್ಮ ಮನೆಗೆ ನಾವು ಬರಬಹುದಾ?’ ಎಂದು ಕೇಳಿ. ಅವರು ಆಗಲಿ ಎಂದರೆ ಬರುವ ಹನ್ನೆರಡು ವಾರಗಳ ಸರದಿಯನ್ನು ಎಲ್ಲರ ಹೆಸರು ಹಾಕಿ ಬರೆದು ಸಹಿ ಮಾಡಿ. ಬೇಡ ಎಂದರೆ ಒತ್ತಾಯ ಮಾಡಬೇಡಿ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ. ಹೋದ ದಿನ ಅವರು ಚಹಾ ಕೊಟ್ಟರೆ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರು ಒಂದು ಲೋಟ ನೀರಾದರೂ ಕೇಳಿ.